ಕೆಡಿಸಿದ ಹನ್ನೊಂದು ನಿಮಿಷದ ನಿದ್ದೆಯ ವಾಪಸಾತಿ ಕುರಿತು

ಡೊಂಬಿವಲಿ ಪೂರ್ವ,
ನವೆಂಬರ್ ೧೯೯೬, ಭಾನುವಾರ ಮಧ್ಯಾಹ್ನ

ಸುಶ್ವಾಸ ಸಾಧನಾ ಬಳಗದ ಸಂಚಾಲಕರೂ, ದಾರಿ ತಪ್ಪಿದ ಅಸಂಖ್ಯ ಮೂಗುಗಳ ಮಾರ್ಗದರ್ಶಕರೂ ಆದ ಶ್ರೀ ಧರ್ಮಪಾಲ ಅವರ ಸನ್ನಿಧಿಗೆ ಡೊಂಬಿವಲಿಯ ಒಂದು ಬಡ ಮೂಗಿನ ಅನಂತ ವಂದನೆಗಳು.

ಮಾನ್ಯರೇ,

ತಾವು ಠಾಣೆ ಊರಿನಿಂದ ಬಂದು, ನಮ್ಮ ರೈಲ್ವೆ ಸ್ಟೇಷನ್ ಹತ್ತಿರದ ಮದುವೆ ಹಾಲ್‌ನಲ್ಲಿ ಮೂರು ಭಾನುವಾರ ನಡೆಸಿಕೊಟ್ಟ 'ನಿತ್ಯಜೀವನದಲ್ಲಿ ಉಸಿರಿನ ಅರಿವು ಮತ್ತು ಕೃತಜ್ಞತೆ' ಶಿಬಿರದಲ್ಲಿ ಫೇಲಾದ ಒಬ್ಬಳೇ ಒಬ್ಬಳು ಶಿಬಿರಾರ್ಥಿ ನಾನು. ಉಳಿದವರಿಗೆಲ್ಲ ಪ್ರಮಾಣಪತ್ರ ಸಿಕ್ಕಿತು. ನನಗೆ ಸಿಕ್ಕಿದ್ದು 'ಎಚ್ಚರ ಸಾಲದು' ಎಂದು ಬರೆದ ಚೀಟಿ. ಎಂಟು ತಿಂಗಳ ಮಗುವಿನ ತಾಯಿಯಾಗಿ, ಕಳೆದ ಐದು ತಿಂಗಳಲ್ಲಿ ಒಂದು ಗಂಟೆಯೂ ಸಲೀಸಾಗಿ ಕಣ್ಣು ಮುಚ್ಚದ ನನ್ನಲ್ಲಿ ಎಚ್ಚರದ ಕೊರತೆಯಿದೆ ಎಂಬುದನ್ನು ಮೂರೇ ವಾರದಲ್ಲಿ ಪತ್ತೆ ಹಚ್ಚಿದ ತಮ್ಮ ದಿವ್ಯದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡಿ ಸ್ವಲ್ಪ ಹಿಂದಿನ ಕತೆ ಹೇಳುತ್ತೇನೆ, ಕ್ಷಮೆಯಿರಲಿ. ನನ್ನ ಮಗ ಆಕಾಶನಿಗೆ ಮೂರು ತಿಂಗಳಾಗಿದ್ದಾಗ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಕಳಿಸುವಾಗ ಡಾಕ್ಟರು, "ಉಸಿರು ಎಣಿಸ್ತಾ ಇರಿ, ನಿಮಿಷಕ್ಕೆ ಐವತ್ತು ದಾಟಿದ್ರೆ ಕೂಡ್ಲೇ ಕರ್ಕೊಂಡು ಬನ್ನಿ" ಎಂದರು. ಎಲ್ಲಿಯವರೆಗೆ ಎಣಿಸಬೇಕು ಎಂದು ಅವರು ಹೇಳಲಿಲ್ಲ, ಗಾಬರಿಯಲ್ಲಿ ನಾನು ಕೇಳಲೂ ಇಲ್ಲ. ಹೀಗಾಗಿ ಮಗು ಗುಂಡಗಾದರೂ, ಎರಡು ಹಲ್ಲು ಬಂದರೂ ನಾನು ಎಣಿಸುವುದು ನಿಂತಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಶ್ವಾಸಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ಪಡೆದವಳು ನಾನು. ಆ ಚಿತ್ರದಲ್ಲಿ ಏನೇನು ಕೆಡಬಹುದು ಎನ್ನುವುದೂ ನನಗೆ ಚೆನ್ನಾಗಿ ಗೊತ್ತಿರುವುದರಿಂದ ವಿದ್ಯಾಭ್ಯಾಸದಿಂದ ಹೆಚ್ಚಿನ ನೆಮ್ಮದಿ ದೊರೆತಿಲ್ಲ.

ನನ್ನ ಯಜಮಾನರು ಲೀಲಾಧರ, ಠಾಣೆಯ ಒಂದು ಹೋಟೆಲಿನ ಕೌಂಟರಿನಲ್ಲಿರುವವರು, ಕೊನೆಗೆ ಒಂದು ದಿನ ಕೈಮುಗಿದೇ ಬಿಟ್ಟರು. "ಮಾರಾಯ್ತಿ, ನೀನು ಅವನ ಎದೆ ನೋಡುವುದನ್ನು ನೋಡಿ ನೋಡಿ ನನಗೇ ದಮ್ಮು ಕಟ್ಟುತ್ತದೆ. ಆ ಶಿಬಿರಕ್ಕಾದರೂ ಹೋಗಿ ಬಾ, ಮಗುವನ್ನು ನಾನು ನೋಡುತ್ತೇನೆ" ಎಂದು ಮೂರು ಭಾನುವಾರ ರಜೆ ಹಾಕಿದರು. ಹೋಟೆಲಿನವರು ಭಾನುವಾರ ರಜೆ ಹಾಕುವುದೆಂದರೆ ಏನೆಂದು ತಮಗೆ ಗೊತ್ತಿರಲಾರದು. ನಮ್ಮ ಕಡೆಯವರನ್ನು ಯಾರನ್ನಾದರೂ ಕೇಳಿ.

ಉಸಿರನ್ನು ಮರೆಯಲು ಬಂದವಳಿಗೆ ತಾವು ಮೊದಲ ದಿನವೇ "ಉಸಿರನ್ನು ಗಮನಿಸಿ" ಎಂದಿರಿ. ಅಲ್ಲಿಯವರೆಗೆ ನನ್ನ ಉಸ್ತುವಾರಿಯಲ್ಲಿ ಒಂದೇ ಮೂಗಿತ್ತು. ತಮ್ಮ ಕೃಪೆಯಿಂದ ಎರಡಾದವು. ನನ್ನ ಉಸಿರೂ ಏರುಪೇರಾಗಿದೆ ಎಂಬ ಹೊಸ ಸಂಗತಿ ತಿಳಿದು, ನಾನು ಹೋದರೆ ಮಗುವಿನ ಗತಿಯೇನು ಎಂಬ ಹೊಸ ಯೋಚನೆಯೂ ಉಚಿತವಾಗಿ ದೊರೆಯಿತು. ಆಮೇಲೆ ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ಅಗಿಯಲು ಹೇಳಿದಿರಿ. ಮಗುವಿನ ಗಂಟಲಿಗೆ ಸಿಕ್ಕೀತೆಂದು ಮನೆಯಿಂದಲೇ ಒಣದ್ರಾಕ್ಷಿಯನ್ನು ಗಡಿಪಾರು ಮಾಡಿದವಳ ಅಂಗೈಗೆ ಅದನ್ನೇ ಇಟ್ಟು ಶಾಂತಿ ಅನುಭವಿಸಲು ಹೇಳುವ ಧೈರ್ಯ ತಮಗಲ್ಲದೆ ಇನ್ನಾರಿಗೆ ಬಂದೀತು! ಪ್ರಯಾಣದಲ್ಲೂ ಉಸಿರಿನ ಅರಿವಿರಲಿ ಎಂದಿರಿ. ಎಂಟು ಹನ್ನೆರಡರ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಪ್ರಯತ್ನಿಸಿದೆ. ಮುಂಬ್ರಾ ದಾಟುವಾಗ ನನ್ನ ಉಸಿರು ಯಾವುದು, ಪಕ್ಕದವಳದು ಯಾವುದು ಎಂದು ಬೇರ್ಪಡಿಸಲಾಗದ ಅದ್ವೈತ ಸ್ಥಿತಿ ತಲುಪಿದ್ದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಇನ್ನು ಕೃತಜ್ಞತೆಯ ನೋಟುಬುಕ್ಕು. ದಿನಕ್ಕೊಂದು ಸಾಲಾದರೂ ಬರೆಯಲೇಬೇಕು ಎಂದಿದ್ದಿರಿ, ಬರೆದೆ. ಸೋಮವಾರ: 'ಉಸಿರಾಡಿದ.' ಮಂಗಳವಾರ: 'ಉಸಿರಾಡಿದ.' ಬುಧವಾರ ಸ್ವಲ್ಪ ಶೀತವಿತ್ತು: 'ಆದರೂ ಉಸಿರಾಡಿದ.' ಎರಡು ವಾರ ನನ್ನ ಕೃತಜ್ಞತೆಗೆ ಬೇರೆ ವಿಷಯ ಸಿಗಲಿಲ್ಲ. ತಮ್ಮ ಸಹಾಯಕಿ ಕಾಂಚನಾ ಅವರು ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ವೈವಿಧ್ಯ ಬೇಕು' ಎಂದು ಬರೆದರು. ಈ ವಿಷಯದಲ್ಲಿ ಮಾತ್ರ ದೇವರು ನನಗೆ ವೈವಿಧ್ಯ ಕೊಡದಿರಲಿ ಎಂದು ಅವರಿಗೆ ತಿಳಿಸಿ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಮೂರನೇ ಭಾನುವಾರ ತಾವು ಎಲ್ಲರಿಗೂ ಒಂದೊಂದು ಚಾಪೆ ಕೊಟ್ಟು, ನಡುವೆ ಒಂದು ತೋಳಿನಷ್ಟು ಜಾಗ ಬಿಡಿಸಿ, ಕಣ್ಣು ಮುಚ್ಚಿಸಿದಿರಿ. ತಡವಾಗಿ ಬಂದವಳೊಬ್ಬಳು ಅಭ್ಯಾಸಬಲದಿಂದ ಮೆಲ್ಲಗೆ "ಜರಾ ಸರಕಾ ನಾ", ಸ್ವಲ್ಪ ಸರಿಯಿರಿ, ಎಂದಳು. ಅಷ್ಟೇ ಸಾಕಾಯಿತು. ಲೋಕಲಿನ ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಮಾಡಿಕೊಟ್ಟೇ ಬದುಕುವ ನಾವು ನಲವತ್ತು ಹೆಂಗಸರು, ಮುಚ್ಚಿದ ಕಣ್ಣು ತೆರೆಯದೆ, ಒಬ್ಬರಾದ ಮೇಲೊಬ್ಬರು ಒಂದೊಂದು ಗೇಣು ಸರಿದೆವು. ತಾವು ಕಣ್ಣು ತೆರೆದಾಗ ಮುಕ್ಕಾಲು ಹಾಲ್ ಖಾಲಿ. ಶಿಬಿರವೆಲ್ಲ ಒಂದು ಮೂಲೆಯಲ್ಲಿ, ಒಂದು ಚಾಪೆಗೆ ನಾಲ್ಕರಂತೆ ಒತ್ತಿ ಕೂತಿತ್ತು. "ಇಷ್ಟೊಂದು ಜಾಗ ಇದೆಯಲ್ಲಮ್ಮಾ, ಯಾಕ್ರಮ್ಮಾ ಹೀಗೆ ಒತ್ಕೊಂಡಿದ್ದೀರಾ?" ಎಂದು ತಾವು ಕಿರುಚಿದ್ದನ್ನು ನಾನು ಕೇಳಲಿಲ್ಲ; ಆಮೇಲೆ ತಿಳಿಯಿತು. ಏಕೆಂದರೆ ನಾನು ನಿದ್ದೆ ಹೋಗಿದ್ದೆ.

ಹೌದು ಮಾನ್ಯರೇ, ಎರಡೂ ಕಡೆಯಿಂದ ಭುಜ ಒತ್ತಿದಾಗ, ಬೀಳಲು ಜಾಗವೇ ಇಲ್ಲವೆಂದು ಮೈಗೆ ಗೊತ್ತಾದಾಗ, ಐದು ತಿಂಗಳ ಎಣಿಕೆ ತಪ್ಪಿಹೋಯಿತು. ಹಾಲ್ ಗುಡಿಸಲು ಬಂದು ಕೊನೆಯಲ್ಲಿ ಕೂತಿದ್ದ ಕಲಬುರಗಿ ಕಡೆಯ ಗುರಮ್ಮನ ಹೆಗಲ ಮೇಲೆ ನನ್ನ ತಲೆಯಿತ್ತಂತೆ. ಕಾಂಚನಾ ಅವರು ಧ್ಯಾನ ಮುಗಿಸುವ ಗಂಟೆ ಹಿಡಿದು ಬಂದಾಗ ಆಕೆ, "ಎಬ್ಬಸಬ್ಯಾಡ್ರೀ ಯಕ್ಕಾ, ಕೂಸಿನ ತಾಯಿ ಅದಾಳ, ಮಕ್ಕೊಳ್ಳಿ ಬಿಡ್ರಿ. ನಿಮ್ಮ ಗಂಟಿ ಎಲ್ಲಿ ಓಡಿ ಹೋಗ್ತದ?" ಎಂದಳಂತೆ. ಆದರೂ ಗಂಟೆ ನನ್ನ ಕಿವಿಯ ಪಕ್ಕದಲ್ಲೇ ಮೊಳಗಿತು. ಗೋಡೆ ಗಡಿಯಾರದ ಪ್ರಕಾರ ನಾನು ಮಲಗಿದ್ದು ಹನ್ನೊಂದು ನಿಮಿಷ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಆ ಹನ್ನೊಂದು ನಿಮಿಷದ ಮುಂದಿನ ಭಾಗವನ್ನು, ಸುಮಾರು ಎಂಟು ಗಂಟೆ ಇರಬಹುದು, ಬಳಗವು ನನಗೆ ಹಿಂದಿರುಗಿಸಬೇಕು. ಗುರಮ್ಮನನ್ನು ಮುಖ್ಯ ಬೋಧಕಿಯಾಗಿ ನೇಮಿಸಿ, ತಾವು ಗುಡಿಸುವ ಕೆಲಸವನ್ನು ಪೂರ್ಣ ಅರಿವಿನಿಂದ ಮಾಡಬೇಕು. ಇದಾವುದೂ ಆಗದಿದ್ದರೆ, ಬಳಗದ ಮೊಹರು ಒತ್ತಿದ ಕಾಗದದಲ್ಲಿ, 'ಇನ್ನು ಎಣಿಸುವುದು ಬೇಡ, ಅವನು ತಾನಾಗಿಯೇ ಉಸಿರಾಡುತ್ತಾನೆ' ಎಂದು ಒಂದು ಸಾಲು ಬರೆದುಕೊಡಿ. ನಾನು ನಂಬುವುದಿಲ್ಲ. ಆದರೂ ಯಾರಾದರೂ ಒಮ್ಮೆ ಹೇಳಬೇಕಲ್ಲ.

ತಮ್ಮ ಎರಡೂ ಹೊಳ್ಳೆಗಳ ಕ್ಷೇಮವನ್ನು ಹಾರೈಸುವ,
ತಮ್ಮ ವಿಶ್ವಾಸಿ,
ಜಯಲತಾ ಲೀಲಾಧರ

ಮರೆತ ಮಾತು: ಸಹಿ ಹಾಕಿ ತಲೆ ಎತ್ತಿ ನೋಡಿದರೆ, ಚಾಪೆಯ ಮೇಲೆ ಮಲಗಿದ್ದ ಆಕಾಶ ಯಾವಾಗಲೋ ಎದ್ದು, ಮಗುಚಿಕೊಂಡು, ತಮ್ಮ ಚಿತ್ರವಿರುವ ಕರಪತ್ರದ ಮೂಲೆ ಚೀಪುತ್ತಿದ್ದಾನೆ, ಕಸಿದುಕೊಂಡೆ. ನಾಲ್ಕು ಪುಟ ಬರೆಯುವಷ್ಟು ಹೊತ್ತು ನಾನು ಅವನ ಉಸಿರನ್ನು ಒಮ್ಮೆಯೂ ಎಣಿಸಿಲ್ಲ. ಧ್ಯಾನದಿಂದ ಆಗದ ಕೆಲಸ ತಮ್ಮ ಮೇಲಿನ ಸಿಟ್ಟಿನಿಂದ ಆಗಿದೆ. ದಯವಿಟ್ಟು ಇದನ್ನು ಬಳಗದ ಸಾಧನೆಯೆಂದು ಮುಂದಿನ ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ. ವಾರಕ್ಕೊಂದು ಹೊಸ ತಪ್ಪು ಮಾಡುತ್ತಿರಿ, ನನಗೆ ಪತ್ರ ಬರೆಯಲು ಅಷ್ಟು ಸಾಕು.