ಜಪಾನಿನ ಜೊತೆ ಮಾತು ಬಿಟ್ಟ ಮಾವ

ಜಪಾನಿನಲ್ಲಿರುವ ನನ್ನ ತಂಗಿಯ ಜೊತೆ ನಮ್ಮ ಸೋದರಮಾವ ಮೂರು ವರ್ಷ ಮಾತು ಬಿಟ್ಟಿದ್ದರು. ಹಾಗಾಗಿ ಅವಳಿಗೆ ದಿನಕ್ಕೆ ನಾಲ್ಕೇ ಸಲ ಸುದ್ದಿ ಹೇಳಿ ಕಳಿಸುತ್ತಿದ್ದರು!

ಕಂಪ್ಲಿ–ಹೊಸಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಮ್ಮಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಓದಿಸಿದವರು. ತಂಗಿ ನರ್ಸಿಂಗ್ ಮುಗಿಸಿದ್ದೇ ತಡ, ಸಂಡೂರಿನಲ್ಲೊಂದು ಗಂಡು ಗೊತ್ತು ಮಾಡಿದರು. ಹುಡುಗನಿಗೆ ಅದಿರು ಸಾಗಿಸುವ ಎರಡು ಲಾರಿಗಳಿದ್ದವು. ಬೇರೆ ಗುಣಗಳೇನಿವೆ ಎಂದು ಮಾವ ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ. ತಂಗಿ ಒಲ್ಲೆ ಎಂದಳು. ಅಷ್ಟಕ್ಕೇ ಬಿಡದೆ ಜಪಾನಿ ಭಾಷೆ ಕಲಿತು, ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ಕೆಲಸ ಹಿಡಿದು ಹೊರಟೇಬಿಟ್ಟಳು.

"ಸಂಡೂರಿನಾಗ ಇಲ್ಲದ್ದು ಜಪಾನಿನಾಗ ಏನೈತಲೇ? ಹೋಗ್ಲಿ ಬಿಡು. ಇವತ್ತಿಂದ ಆಕಿ ಕೂಡ ನಂದು ಮಾತಿಲ್ಲ!" ಎಂದು ಮಾವ ಘೋಷಿಸಿದರು.

ಮರುದಿನ ಬೆಳಿಗ್ಗೆ ನನ್ನ ಜೆರಾಕ್ಸ್ ಅಂಗಡಿಗೆ ಬಂದು ಕುಂತರು. "ಬಂಡ್ರಿ ದೊಡ್ಡವ್ವಗ ಮೊಣಕಾಲು ನೋವು. ಕಾಲುವಿಗೆ ನೀರು ಬಿಟ್ರು. ಬಾಜೂ ಮನಿ ಎಮ್ಮಿ ಈದೈತಿ, ಹೆಣ್ಣುಗರ. ಬರಿ."

"ಯಾರಿಗೆ ಮಾವಾ?"

"ಗೊತ್ತಿಲ್ಲೇನು? ನಾ ಹೇಳಿದೆ ಅಂತ ಮಾತ್ರ ಬರೀಬ್ಯಾಡ. ಸುದ್ದಿ ತಾನ ಬಂತು ಅಂತ ಬರಿ."

ತಾನಾಗಿಯೇ ಜಪಾನಿಗೆ ಹೋಗುವ ಎಮ್ಮೆಯ ಸುದ್ದಿ! ತಂಗಿಯೇನು ಕಮ್ಮಿಯೇ? ತಿರುಗಿ ಬರೆಯುತ್ತಿದ್ದಳು: "ಮಾವ ಬಿ.ಪಿ. ಗುಳಿಗಿ ತಗೊಂಡ್ರಾ? ನಾ ಕೇಳಿದೆ ಅಂತ ಹೇಳಬ್ಯಾಡ." ಇವರಿಬ್ಬರ ಮೌನವ್ರತಕ್ಕೆ ನನ್ನ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಪ್ರಾಣ ಬಿಡುತ್ತಿತ್ತು.

ಇಷ್ಟಾದ ಮೇಲೆ ಮಾವ ಜಪಾನ್ ತಜ್ಞರೂ ಆದರು. ಚಹಾದಂಗಡಿಯ ಮುಂದೆ ನಿಂತು, "ಅಲ್ಲಿ ಗಾಡಿ ಒಂದು ನಿಮಿಷ ಲೇಟಾದ್ರ ಡ್ರೈವರ್ ಬಗ್ಗಿ ನಮಸ್ಕಾರ ಮಾಡಿ ಮಾಫಿ ಕೇಳ್ತಾನ, ಗೊತ್ತೇನು?" ಎಂದು ಪ್ರವಚನ ಮಾಡುವರು.

ಒಬ್ಬರು ಕೇಳಿಯೇಬಿಟ್ಟರು: "ನೀವು ಡ್ಯೂಟಿ ಮ್ಯಾಲಿದ್ದಾಗ ಕಂಪ್ಲಿ ಬಸ್ಸು ಎರಡು ತಾಸು ಲೇಟ್ ಬರ್ತಿತ್ತಲ್ರೀ?"

"ಬಸ್ಸು ಟೈಮಿಗೇ ಇರ್ತಿತ್ತು. ನೀವು ಭಾಳ ಜಲ್ದಿ ಬರ್ತಿದ್ರಿ!"

ಭಾನುವಾರಗಳಂದು ಹಂಪಿಗೆ ಹೋಗಿ ಜಪಾನಿಯರನ್ನು ಹುಡುಕುವುದು ಆಮೇಲಿನ ಹುಚ್ಚು. ಹಿಂದಿರುಗುವವರ ಕೈಯಲ್ಲಿ ತಂಗಿಗೆ ಶೇಂಗಾ ಚಟ್ನಿಪುಡಿ ಕಳಿಸುವುದು ಒಳಗಿನ ಹುನ್ನಾರ. ಅದನ್ನು ಬಾಯಿ ಬಿಟ್ಟು ಹೇಳಿದರೆ ಮಾನ ಉಳಿದೀತೆ? ಒಮ್ಮೆ ನನ್ನನ್ನೂ ಎಳೆದುಕೊಂಡು ಹೋಗಿ, ಕ್ಯಾಮೆರಾ ಹಿಡಿದ ತರುಣನೊಬ್ಬನನ್ನು ಅಡ್ಡಗಟ್ಟಿದರು. "ಜಪಾನ್?"

"ಮಣಿಪುರ್, ಸರ್."

ಮಾವ ನನ್ನ ಕಿವಿಯಲ್ಲಿ, "ಅದು ಜಪಾನಿನಾಗ ಯಾವ ಜಿಲ್ಲಾಲೇ?" ಎಂದರು.

"ಇಂಡಿಯಾ ಸರ್. ಹತ್ತು ವರ್ಷದಿಂದ ಮೈಸೂರಲ್ಲಿದ್ದೀನಿ," ಎಂದ ತರುಣ ಅಚ್ಚ ಕನ್ನಡದಲ್ಲಿ. ನಾನು ನಾಚಿ ನೀರಾದೆ. ಮಾವ ನಾಚುವ ಜಾತಿಯಲ್ಲ. "ಕನ್ನಡ ಬರ್ತೈತಿ ಅಂತ ಮೊದಲ ಹೇಳಾಕ ಏನಾಗಿತ್ತು?" ಎಂದು ಅವನಿಗೇ ದಬಾಯಿಸಿದರು!

ಕಳೆದ ಚಳಿಗಾಲದ ಒಂದು ಭಾನುವಾರ ಮಾತ್ರ ನಿಜವಾದ ಜಪಾನಿ ಸಿಕ್ಕರು. ಸಿಕ್ಕರು ಎನ್ನುವುದಕ್ಕಿಂತ ಬಿದ್ದರು ಎನ್ನಬೇಕು. ಒಬ್ಬರೇ ಪ್ರವಾಸ ಬಂದಿದ್ದ ಎಪ್ಪತ್ತರ ಅಜ್ಜಿ, ಬಂಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಅವರ ಫೋನೂ ಒಡೆದಿತ್ತು. ಮಾವ ಅವರನ್ನು ಆಟೋದಲ್ಲಿ ಕೂರಿಸಿ ಹೊಸಪೇಟೆಗೆ ತಂದು, ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ನಮ್ಮ ಮನೆಗೇ ಕರೆತಂದರು. ಅರಿಶಿನ, ಸುಣ್ಣ ಕಲಸಿ ಅವರ ಪಾದಕ್ಕೆ ಹಚ್ಚುತ್ತಾ ಕುಂತರು.

ಅಜ್ಜಿ ಏನೋ ಹೇಳುತ್ತಿದ್ದರು, ಕೈ ಮುಗಿಯುತ್ತಿದ್ದರು, ಮತ್ತೆ ಹೇಳುತ್ತಿದ್ದರು. ಗಟ್ಟಿಯಾಗಿ ಒದರಿದರೆ ಕನ್ನಡ ಯಾರಿಗಾದರೂ ತಿಳಿಯುತ್ತದೆ ಎಂಬುದು ಮಾವನ ಸಿದ್ಧಾಂತ. "ಹೆದರಬ್ಯಾಡ್ರೀ!" ಎಂದು ಕೂಗಿದರು. ಅಜ್ಜಿ ಬೆಚ್ಚಿಬಿದ್ದರು. ಅನುವಾದ ಮಾಡಲೆಂದು ನನ್ನ ಫೋನನ್ನು ಮುಂದೆ ಹಿಡಿದೆ. ಅದಕ್ಕೆ ನಮ್ಮ 'ಬ್ಯಾಡ್ರಿ' ಅರ್ಥವಾಗಲಿಲ್ಲವೋ ಏನೋ, ಅದು ಹೇಳಿದ್ದನ್ನು ಕೇಳಿ ಅಜ್ಜಿಗೆ ಅಳುವೇ ಬಂತು.

ಮಾವ ತಲೆ ತಗ್ಗಿಸಿಕೊಂಡೇ ಅಂದರು: "ಫೋನ್ ಹಚ್ಚು."

"ಯಾರಿಗೆ?"

"ಜಪಾನಿಗೆ ಹಚ್ಚಲೇ!"

ತಂಗಿಯ ಮುಖ ಪರದೆಯಲ್ಲಿ ಮೂಡಿತು. ವಿಷಯ ಕೇಳಿದವಳೇ ಮೆಲ್ಲಗೆ, ಮಗುವಿಗೆ ಲಾಲಿ ಹೇಳುವ ದನಿಯಲ್ಲಿ ಅಜ್ಜಿಯ ಜೊತೆ ಮಾತಾಡಿದಳು. ಅಜ್ಜಿಯ ಹೆಗಲು ಸಡಿಲಾಯಿತು. ಕೊನೆಗೆ ನಕ್ಕೂಬಿಟ್ಟರು.

"ಏನಂತ?" ಎಂದೆ.

"ಆಗಿಂದ ಬಚ್ಚಲು ಎಲ್ಲೈತಿ ಅಂತ ಕೇಳಾಕತ್ಯಾರ! ನೀವು ಕಾಲು ಬಿಡವಲ್ರಂತ!"

ನನ್ನ ಹೆಂಡತಿ ಅಜ್ಜಿಯನ್ನು ಮೆಲ್ಲಗೆ ಒಳಗೆ ಕರೆದೊಯ್ದಳು. ಕೋಣೆಯಲ್ಲಿ ನಾನು, ಮಾವ ಮತ್ತು ಫೋನು. ಕರೆ ಇನ್ನೂ ಮುಗಿದಿರಲಿಲ್ಲ. ತಂಗಿಯೂ ಮುಗಿಸಲಿಲ್ಲ. ಮಾವ ಪರದೆಯ ಕಡೆ ನೋಡದೆ ನೆಲಕ್ಕೆ ಕೇಳಿದರು:

"ಅಲ್ಲಿ ನಿನ್ನ ಕಾಲು ಉಳುಕಿದ್ರ ಯಾರವ್ವಾ ಎಬ್ಬಸ್ತಾರ?"

"ಹ್ವಾದ ವರ್ಷ ಮೆಟ್ಟಲ ಮ್ಯಾಲೆ ಬಿದ್ದಿದ್ದೆ, ಮಾವಾ. ಕೆಳಗಿನ ಮನಿ ಮುದುಕಪ್ಪ ಎಬ್ಬಿಸಿ ದವಾಖಾನಿಗೆ ಕರಕೊಂಡು ಹೋದ. ಭಾಳ ಬೈದ. ಥೇಟ್ ನಿಮ್ಮಂಗ."

ಈ ಸುದ್ದಿ ನನಗೂ ಗೊತ್ತಿರಲಿಲ್ಲ.

"ಆತಗ ಶರಣು ಹೇಳು," ಎಂದ ಮಾವ ಎದ್ದು ನಿಂತು, "ನಾ ಹೇಳಿದೆ ಅಂತನ ಹೇಳು," ಎಂದರು.

ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಬೆರಳಿಗಂಟಿದ ಒಂದು ಚಿಟಿಕೆ ಅರಿಶಿನ ತೊಳೆಯಲು ಅವತ್ತು ಎರಡು ಕೊಡ ನೀರು ಬೇಕಾಯಿತು.