ಮೊಳೆಯ ಮೇಲಿನ ಡೀಸೆಂಟ್ ಕೋಟು

‘ಡೀಸೆಂಟ್’ ಅನ್ನೋ ಪದಕ್ಕೆ ಡಿಕ್ಷನರಿಯಲ್ಲಿ ಏನರ್ಥ ಇದೆಯೋ ನಂಗೊತ್ತಿಲ್ಲ. ಗುಬ್ಬಿಯ ನನ್ನ ಫೋಟೋ ಸ್ಟುಡಿಯೋದಲ್ಲಿ ಅದಕ್ಕೆ ಒಂದೇ ಅರ್ಥ: ಮೊಳೆಗೆ ನೇತುಹಾಕಿರೋ ಕರೀ ಕೋಟು. ‘ಡೀಸೆಂಟಾಗಿ ಒಂದು ಫೋಟೋ ತೆಗೀರಿ’ ಅಂತ ಹೇಳ್ತಾ ಹೇಳ್ತಾನೇ ಜನ ಅದಕ್ಕೆ ಕೈ ತೂರಿಸ್ತಾರೆ. ನಾನು ಹೆಣ್ಣು ನೋಡೋಕೆ ಹೋಗುವಾಗ ಹಾಕ್ಕೊಳ್ಳಲಿ ಅಂತ ನಮ್ಮಮ್ಮ ಹೊಲಿಸಿಕೊಟ್ಟ ಕೋಟದು. ಊರೆಲ್ಲ ಹಾಕ್ಕೊಂಡ್ರು, ನಾನೊಬ್ಬ ಬಿಟ್ಟು. ಅದರಿಂದ ಒಂದಲ್ಲ ಒಂದು ಫಜೀತಿ ಇವತ್ತಿಗೂ ತಪ್ಪಿಲ್ಲ.

ಸೊಂಟದಿಂದ ಮೇಲೆ

ಒಂದು ಸಂತೆ ದಿನ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದ್ರು. ಮೇಲೆ ಕೋಟು, ಟೈ. ಕೆಳಗೆ ಪಂಚೆ ಎತ್ತಿಕಟ್ಟಿ, ಪಟ್ಟಾಪಟ್ಟಿ ಚಡ್ಡಿ ಕಾಣೋ ಹಾಗೆ ಸ್ಟೂಲ್ ಮೇಲೆ ಕೂತ್ರು. ಬಾಗಿಲಲ್ಲಿ ಹೆಂಗಸ್ರು ಸಾಲಾಗಿ ಕಾಯ್ತಿದಾರೆ.

‘ಅಣ್ಣಾ, ಸ್ವಲ್ಪ ಪಂಚೆ ಇಳಿಸಿ’ ಅಂದೆ.

‘ಫೋಟೋ ಸೊಂಟದಿಂದ ಮೇಲೆ ತಾನೇ? ಅಷ್ಟಕ್ಕೆ ಡೀಸೆಂಟಾದ್ರೆ ಸಾಕು, ಬುಡು!’

ಕಣ್ಣು ಮುಚ್ಚುವ ಕಾಯಿಲೆ

ಹಿಂದಿನ ಬೀದೀಲಿ ಒಬ್ಬರು ಮೇಷ್ಟ್ರಿದ್ರು. ಅವರ ಮಗಳು ಅಂದ್ರೆ ನಂಗೆ ಪ್ರಾಣ. ಗಂಡಿನ ಕಡೆಗೆ ಕಳಿಸೋಕೆ ಅವಳ ಫೋಟೋ ಬೇಕಿತ್ತು.

‘ನೀನು ಡೀಸೆಂಟ್ ಹುಡುಗ ಕಣಯ್ಯ, ಅದಕ್ಕೇ ಅವಳನ್ನ ಒಬ್ಬಳೇ ಕಳಿಸ್ತಿದೀನಿ’ ಅಂದ್ರು ಮೇಷ್ಟ್ರು. ಆ ಮಾತು ನನ್ನ ಬಾಯಿಗೆ ಬೀಗ ಹಾಕ್ತು.

ಬಾಯಿ ಬಿಡೋ ಹಾಗಿಲ್ಲ, ನೋಡದೆ ಇರೋಕಾಗಲ್ಲ. ಆಗೆಲ್ಲ ರೀಲ್ ಕಾಲ, ತೊಳೆದ ಮೇಲೇ ಗೊತ್ತಾಗೋದು. ಫೋಟೋ ತೆಗೆದ ಮಾರನೇ ದಿನ ‘ಕಣ್ಣು ಮುಚ್ಚಿಬಿಟ್ಟಿದೀರ, ಇನ್ನೊಂದ್ಸಲ ಬರ್ಬೇಕು’ ಅಂತ ಹೇಳಿ ಕಳಿಸಿದೆ. ಬಂದ್ಲು. ಅದೂ ಮುಚ್ಚಿದೆ ಅಂದೆ. ಮತ್ತೆ ಬಂದ್ಲು. ನಿಜ ಹೇಳ್ಬೇಕಂದ್ರೆ ಅಷ್ಟು ಅಗಲವಾದ ಕಣ್ಣಿನ ಫೋಟೋ ನಾನು ಇವತ್ತಿನವರೆಗೂ ತೆಗೆದಿಲ್ಲ.

ನಾಲ್ಕನೇ ಸಲ ತಾನೇ ಬಂದು ಸ್ಟೂಲ್ ಎಳ್ಕೊಂಡು ಕೂತ್ಲು.

‘ತೆಗೀರಿ. ಈ ಸಲಾನೂ ಮುಚ್ಚುತ್ತೆ ಅಲ್ವಾ?’

ಒಂದೇ ಟೈಲರ್

ಒಂದಿನ ಮೇಷ್ಟ್ರು ಮೂರು ಗಂಡುಗಳ ಫೋಟೋ ತಂದು ಟೇಬಲ್ ಮೇಲೆ ಹರಡಿದ್ರು.

‘ಇದೇನಯ್ಯಾ, ಮೂರು ಊರಿನ ಹುಡುಗ್ರು, ಮೂರು ಜನಕ್ಕೂ ಒಂದೇ ಟೈಲರ್ರಾ? ಎರಡನೇ ಗುಂಡಿ ಮೂವರದ್ದೂ ಕಿತ್ತೋಗಿದೆ!’

‘ಕೋಟು ನಂದೇ ಸಾರ್’ ಅಂತ ಒಪ್ಕೊಂಡೆ.

‘ಥೂ! ಎರವಲು ಕೋಟು ಹಾಕೋರಿಗೆ ನನ್ನ ಮಗಳನ್ನ ಕೊಡೋದಾ?’ ಅಂತ ಮೂರನ್ನೂ ಅಲ್ಲೇ ಹರಿದು ಹಾಕಿದ್ರು. ನಂಗೆ ಒಳಗೊಳಗೇ ಹಬ್ಬ. ಆ ಕೋಟಿನ ಯಜಮಾನ ನಾನಲ್ವಾ? ಇವತ್ತು ಹೇಳೇಬಿಡೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಬೆನ್ನು ತಟ್ಟಿದ್ರು. ‘ನಿಜ ಹೇಳಿದೆ ನೋಡು. ಎಂಥಾ ಡೀಸೆಂಟ್ ಹುಡುಗ ನೀನು!’ ತೆಗೆದ ಬಾಯಿ ಹಾಗೇ ಮುಚ್ಕೊಂಡೆ.

ಮುಂದಿನ ತಿಂಗಳು ಕುಣಿಗಲ್ ಕಡೆಯಿಂದ ಸ್ವಂತ ಕೋಟು ಇರೋ ಹುಡುಗ ಬಂದ. ಮದುವೆ ಆಗಿಹೋಯ್ತು. ನನ್ನ ಕೋಟು ಅವರ ಮನೆಗೆ ಮೂರು ಸಲ ಹೋಗಿಬಂತು, ನಾನು ಹೋಗಿದ್ದು ಮದುವೆ ಫೋಟೋ ತೆಗೆಯೋಕೆ.

ಪೆನ್ಶನ್ ಫೋಟೋ

ಮೊನ್ನೆ ಮಧ್ಯಾಹ್ನ ಗಂಡ ಹೆಂಡತಿ ಒಳಗೆ ಬಂದ್ರು. ತಲೆ ನರೆತಿದ್ರೂ ಆ ಕಣ್ಣು ನೋಡಿದ ತಕ್ಷಣ ಗೊತ್ತಾಯ್ತು. ಅಪ್ಪನ ಹಾಗೇ ಅವಳೂ ಸ್ಕೂಲ್ ಮೇಡಂ ಆಗಿ ರಿಟೈರ್ ಆಗ್ತಿದಾಳೆ, ಪೆನ್ಶನ್ ಅರ್ಜಿಗೆ ಜೋಡಿ ಫೋಟೋ ಬೇಕಂತೆ.

‘ತುಮಕೂರಲ್ಲಿ, ಸದಾಶಿವನಗರದ ನಮ್ಮನೆ ಎದುರಿಗೇ ಸ್ಟುಡಿಯೋ ಇದೆ ಕಣ್ರೀ. ಇವಳು ಗುಬ್ಬಿಗೇ ಹೋಗ್ಬೇಕು ಅಂತ ಒಂದೇ ಹಠ’ ಅಂದ್ರು ಯಜಮಾನ್ರು. ‘ನನ್ನ ಕೋಟು ಈಗ ಹೊಟ್ಟೆ ಮೇಲೆ ಬರಲ್ಲ. ಡೀಸೆಂಟಾಗಿ ಒಂದು ಕೋಟಿದ್ರೆ ಕೊಡಿ.’

ಕೊಟ್ಟೆ. ಹಾಕ್ಕೊಂಡು ತಲೆ ಬಾಚೋಕೆ ಪರದೆ ಹಿಂದಿನ ಕನ್ನಡಿ ಹತ್ರ ಹೋದ್ರು.

ಅವಳು ಖಾಲಿ ಮೊಳೆ ನೋಡ್ತಾ ಮೆಲ್ಲಗೆ ಕೇಳಿದ್ಲು: ‘ಆ ಕೋಟು ಹಾಕ್ಕೊಂಡು ಯಾರ್ಯಾರದ್ದೋ ಫೋಟೋ ನಮ್ಮನೆಗೆ ಬಂತು. ನಿಮ್ಮದೂ ಬರುತ್ತೆ ಅಂತ ಕಾದೆ. ಯಾಕ್ ಕಳಿಸ್ಲಿಲ್ಲ?’

ಇಷ್ಟು ವರ್ಷ ಮನಸ್ಸಲ್ಲೇ ಬಾಯಿಪಾಠ ಮಾಡಿದ್ದ ಮಾತೆಲ್ಲ ಎಲ್ಲೋ ಹೋಯ್ತು.

‘ಕೋಟು ಖಾಲಿ ಇರ್ಲಿಲ್ಲ ಮೇಡಂ.’

ಅವಳು ಸೆರಗು ಬಾಯಿಗೆ ಇಟ್ಕೊಂಡು ನಕ್ಕಳು. ಕಣ್ಣು ಒರೆಸ್ಕೊಂಡಳು. ಪರದೆ ಸರಿಸಿ ಯಜಮಾನ್ರು ಬಂದಾಗ ‘ಇವತ್ತೂ ಖಾಲಿ ಇಲ್ಲ ಬಿಡಿ’ ಅಂದ್ಲು.

ಇಬ್ಬರನ್ನೂ ಕೂರಿಸಿ ಕ್ಲಿಕ್ ಮಾಡಿದೆ. ಅವಳು ಎದ್ದು ನಿಂತು, ಅದೇ ಹಳೇ ದನೀಲಿ, ‘ಕಣ್ಣು ಮುಚ್ಚಿದೀನಾ? ನಾಳೆ ಇನ್ನೊಂದ್ಸಲ ಬರ್ಬೇಕಾ?’ ಅಂದ್ಲು.

ಇಷ್ಟು ವರ್ಷದ ಡೀಸೆಂಟ್‌ತನಾನ ಪಕ್ಕಕ್ಕಿಟ್ಟು, ಧೈರ್ಯ ಮಾಡಿ ಅಂದೆ: ‘ಹೂಂ ಮೇಡಂ, ಪೂರ್ತಿ ಮುಚ್ಚಿದೆ. ಬರ್ಲೇಬೇಕು.’

ಯಜಮಾನ್ರು ನನ್ನ ಭುಜದ ಮೇಲಿಂದ ಕ್ಯಾಮೆರಾ ಸ್ಕ್ರೀನಿಗೆ ಇಣುಕಿದ್ರು.

‘ಎಲ್ರೀ ಮುಚ್ಚಿದೆ? ಇಷ್ಟಗಲ ಬಿಟ್ಟಿದಾಳೆ! ಡೀಸೆಂಟಾಗಿ ಬಂದಿದೆ ಕಣ್ರೀ, ಕೊಡಿ!’