ಪೋರ್ಚುಗೀಸನ ಎರಡು ಕೈ ಮತ್ತು ನನ್ನ ರಜೆ

"ಪೋರ್ಚುಗೀಸ್ ತಾನೇ ಸಾರ್? ಅದನ್ನು ನನಗೆ ಬಿಡಿ!"

ಎದೆಯುಬ್ಬಿಸಿ ನಾನು ಹೇಳಿದ್ದು ಇಷ್ಟೇ. ತೊಂಬತ್ತರ ದಶಕದ ಶುರು. ಒಮಾನಿನ ಸೀಬ್ ಪಟ್ಟಣದಲ್ಲಿ ನಮ್ಮ ಆಫೀಸು. ಎದುರಿಗೆ ಮುದೀರ್, ಅಂದರೆ ನಮ್ಮ ಒಮಾನಿ ಯಜಮಾನರು. ಅವರಿಗೆ ಹಗಲು ಸಿಮೆಂಟ್ ವ್ಯಾಪಾರ, ಸಂಜೆ ಹತ್ತಿರದ ಬರ್ಕಾ ಊರಿನ ಫುಟ್ಬಾಲ್ ತಂಡದ ಚಿಂತೆ.

ಆ ತಂಡಕ್ಕೆ ಆಡಲು ಪೋರ್ಚುಗಲ್ಲಿನಿಂದ ಒಬ್ಬ ಪಳಗಿದ ಆಟಗಾರ ಬಂದಿದ್ದ. ಹಿಂದೆ, ಮುಂದೆ, ನಡುವೆ, ಎಡಕ್ಕೆ, ಬಲಕ್ಕೆ, ಎಲ್ಲಿ ನಿಲ್ಲಿಸಿದರೂ ಆಡುವವನಂತೆ. ಸರಿ, ಶುಕ್ರವಾರದ ಮ್ಯಾಚಿಗೆ ಎಲ್ಲಿ ನಿಲ್ಲಿಸುವುದು? ಅವನನ್ನೇ ಕೇಳೋಣವೆಂದರೆ ಭಾಷೆ ಯಾರಿಗೆ ಬರುತ್ತದೆ?

ನನ್ನ ರಜೆಯ ಅರ್ಜಿ ಅದೇ ಮೇಜಿನ ಮೇಲೆ ಸಹಿಗೆ ಕಾದಿತ್ತು. ಮಂಗಳೂರಿನಲ್ಲಿ ಹೆಂಡತಿಯ ತಂಗಿಯ ಮದುವೆ. ಹೆಂಡತಿ ವಸಂತಿ ಆಗಲೇ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದಿದ್ದಳು. ರಜೆ ಸಿಗದಿದ್ದರೆ ಆ ಹಗ್ಗ ನನ್ನ ಕುತ್ತಿಗೆಗೇ!

"ಭಾಷೆ ಬಲ್ಲವನನ್ನು ಕರೆದುಕೊಂಡು ಬಾ, ಸಹಿ ಹಾಕುತ್ತೇನೆ. ಯಲ್ಲಾ, ಹೊರಡು!" ಎಂದರು ಮುದೀರ್.

ನಮ್ಮ ಎದುರು ಫ್ಲಾಟಿನಲ್ಲಿ ಪಿಂಟೋ ಇದ್ದರಲ್ಲ! ಹೆಸರೇ ಪೋರ್ಚುಗೀಸ್. ಇನ್ನೇನು ಬೇಕು?

"ನಿಮ್ಮ ಮಂಡೆ ಸರಿ ಉಂಟಾ ಮಾರಾಯ್ರೆ?" ಎಂದರು ಪಿಂಟೋ. "ನಾನು ಬಜ್ಪೆಯವ! ಪೋರ್ಚುಗೀಸ್ ನನ್ನ ಅಜ್ಜನಿಗೂ ಬರ್ತಿರ್ಲಿಲ್ಲ. ನನಗೆ ಗೊತ್ತಿರುವುದು ಕೊಂಕಣಿ, ತುಳು, ಮತ್ತೆ ಎ.ಸಿ. ರಿಪೇರಿ."

"ಕೊಂಕಣಿಯನ್ನೇ ಸ್ವಲ್ಪ ಮೂಗಿನಲ್ಲಿ ಹೇಳಿ ಪಿಂಟೋರೇ. ನನ್ನ ರಜೆಯ ಪ್ರಶ್ನೆ!"

"ಪಾಪ, ಅವರನ್ನು ಯಾಕೆ ಸಿಕ್ಕಿಸ್ತೀರಿ?" ಬಾಗಿಲಿನಿಂದ ವಸಂತಿ ಎಂದಳು. "ನಿಮ್ಮ ಬಾಯಿ ಸ್ವಲ್ಪ ಮುಚ್ಚಿಕೊಂಡಿದ್ರೆ ಎಂತ ಆಗ್ತಿತ್ತು?"

ಶುಕ್ರವಾರ ಪಿಂಟೋರನ್ನು ಹೇಗೋ ಒಪ್ಪಿಸಿ ಬರ್ಕಾಕ್ಕೆ ಕರೆದೊಯ್ದೆ. ಪಿಂಟೋ ಶಿಲುಬೆಯ ಗುರುತು ಮಾಡುತ್ತಲೇ ಕಾರಿನಿಂದ ಇಳಿದರು. ಮೈದಾನದ ಅಂಚಿನಲ್ಲಿ ಆಟಗಾರನ ಮುಂದೆ ನಿಂತು ಮೈದಾನದತ್ತ ಕೈ ತೋರಿಸುತ್ತ ಮೂಗಿನಲ್ಲಿ ಏನೋ ಕೇಳಿದರು. ಅವನು ಬಹಳ ಹೊತ್ತು ಇವರನ್ನೇ ನೋಡಿದ. ನಕ್ಕ. ಭುಜ ಹಾರಿಸಿ ಎರಡೂ ಕೈಗಳನ್ನು ಮೇಲೆತ್ತಿದ.

"ಏನಂತೆ?" ಎಂದರು ಮುದೀರ್.

ಪಿಂಟೋ ನನ್ನ ಮುಖ ನೋಡಿದರು. ನನಗೆ ರಜೆಯ ಅರ್ಜಿ ಕಣ್ಣಮುಂದೆ ಬಂತು. ಫುಟ್ಬಾಲಿನಲ್ಲಿ ಕೈಗೆ ಕೆಲಸ ಇರುವುದು ಒಬ್ಬನಿಗೇ ತಾನೇ?

"ಗೋಲ್‌ಕೀಪರ್, ಸಾರ್!" ಎಂದು ನಾನೇ ಘೋಷಿಸಿಬಿಟ್ಟೆ.

ಅವನನ್ನು ಅಲ್ಲಿಯೇ ನಿಲ್ಲಿಸಿದರು. ಅಯ್ಯೋ! ಚೆಂಡು ಎಡಕ್ಕೆ ಬಂದರೆ ಅವನು ಬಲಕ್ಕೆ ಹಾರಿದ. ನೇರ ಬಂದರೆ ಅಭ್ಯಾಸಬಲದಿಂದ ಕಾಲು ಕೊಟ್ಟ. ಗೋಲಿನ ಮೇಲೆ ಗೋಲು! ಮುದೀರರ ಬೆರಳಲ್ಲಿ ಜಪಮಾಲೆ ಫ್ಯಾನಿನಂತೆ ತಿರುಗತೊಡಗಿತು. ಒಂದೊಂದು ಗೋಲು ಬಿದ್ದಾಗಲೂ ಮದುವೆಯ ಚಪ್ಪರ ನನ್ನಿಂದ ಇನ್ನಷ್ಟು ದೂರ ಹೋಯಿತು. ನನಗೆ ಅಳು ಬರುವುದೊಂದು ಬಾಕಿ.

ಹಾಫ್ ಟೈಮಿನಲ್ಲಿ ಆಟಗಾರ ಬೆವರು ಒರೆಸಿಕೊಳ್ಳುತ್ತ ಬಂದು, ಮುದೀರರಿಗೆ ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದ:

"ಎಲ್ಲಿ ಬೇಕಾದರೂ ನಿಲ್ಲಿಸಿ ಎಂದು ಕೈ ಎತ್ತಿದೆ. ನನ್ನ ಇಡೀ ವೃತ್ತಿಯಲ್ಲಿ ನಾನು ನಿಲ್ಲದೆ ಉಳಿದಿದ್ದ ಜಾಗ ಅದೊಂದೇ. ಅಲ್ಲಿಯೇ ನಿಲ್ಲಿಸಿದಿರಿ!"

ಇಂಗ್ಲಿಷ್! ಅದು ಬರುತ್ತದೆಯೇ ಎಂದು ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಮುದೀರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಪಿಂಟೋ ಆಗಲೇ ಕಾರಿನೊಳಗೆ ಕೂತಿದ್ದರು.

ಶನಿವಾರ ಮುದೀರ್ ಒಂದು ಮಾತೂ ಬೈಯಲಿಲ್ಲ. ಅರ್ಜಿಗೆ ಸಹಿ ಹಾಕಿದರು. ಆಮೇಲೆ ವಾಪಸು ಬರುವ ತಾರೀಖಿನ ಮೇಲೆ ಉದ್ದಕ್ಕೆ ಗೀಟು ಎಳೆದರು.

"ಖಲಾಸ್. ಹೋಗು. ವಾಪಸು ಬರಲು ಅವಸರ ಬೇಡ."

ಮನೆಯಲ್ಲಿ ವಸಂತಿಗೆ ಹಿಗ್ಗೋ ಹಿಗ್ಗು. "ನೋಡಿ, ಎಷ್ಟು ಒಳ್ಳೆಯ ಮನುಷ್ಯ! ನೀವು ಸುಮ್ಮನೆ ಹೆದರಿ ಸಾಯ್ತೀರಿ. ಅಲ್ಲ, ಹಾಗಾದ್ರೆ ನಾವು ವಾಪಸು ಬರುವುದು ಯಾವಾಗ?"

ನಾನು ಭುಜ ಹಾರಿಸಿ ಎರಡೂ ಕೈ ಮೇಲೆತ್ತಿದೆ.